ಇಪ್ಪತ್ತು ಡೆನಿಯರ್

ಗೂಡು ತೂಗುವ ತಕ್ಕಡಿಯಲ್ಲೇ ಇಟ್ಟೆ.
ಕೆಂಪು ಗುಡಾರ ಎರಡು ಕಿಲೋ ಮುನ್ನೂರೈವತ್ತು,
ಬೂದು ಬಣ್ಣದ್ದು ಒಂದು ಕಿಲೋ ನೂರ ಹತ್ತು.
ಹುಡುಗರು ಚರಕ ನಿಲ್ಲಿಸಿ ಸುತ್ತ ನಿಂತರು,
ಒಬ್ಬ ಹರಾಜಿನ ದನಿಯಲ್ಲಿ ಬೆಲೆ ಕೂಗಿದ.

ಎರಡನ್ನೂ ತಂದವನು ಮುನಿವೀರಪ್ಪ.
ಚಿಂತಾಮಣಿಯ ಅಂಚೆಗೆ ಮೂವತ್ತೊಂದು ವರ್ಷ
ಸೈಕಲ್ ತುಳಿದು, ನಿವೃತ್ತನಾಗಿಯೂ
ಸೀಟಿನಿಂದ ಇಳಿಯಲೊಲ್ಲದ ಆಸಾಮಿ.
ಒಂದು ಇಟ್ಟುಕೊಳ್ಳಬೇಕು, ಒಂದು ಅಂಗಡಿಗೆ ವಾಪಸ್ಸು,
ವಾಯಿದೆ ಭಾನುವಾರದವರೆಗೆ.

ಬೂದಿಯದರ ಬೆಲೆಗೆ
ಕೆಂಪಿನವು ಮೂರು ಬರುತ್ತವೆ.
'ಇಬ್ಬರೂ ಹೊಟ್ಟೆ ಇಳಿಸಿ,' ಅಂದಳು ಶಮೀಮ್,
'ಒಂದೂಕಾಲು ಕಿಲೋ ಬಿಟ್ಟಿ ಉಳಿಯುತ್ತೆ.'
ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ.
ಮುನಿವೀರಪ್ಪನ ಹಿತ್ತಾಳೆ ಚೊಂಬೊಂದೇ
ಎಂಟುನೂರ ಇಪ್ಪತ್ತು ಗ್ರಾಮು.
'ಅದು ಬರುತ್ತೆ. ಅದರ ಮಾತು ಬೇಡ.'

ಬೂದಿಯದಕ್ಕೆ ಹೊಲಿದ ಚೀಟಿ ತಿರುವಿದೆ.
ತಿಳಿಯದ ಪದಗಳ ಸಂತೆಯಲ್ಲಿ
ಒಬ್ಬ ನಮ್ಮೂರಿನವನು ಸಿಕ್ಕ:
ಇಪ್ಪತ್ತು ಡೆನಿಯರ್.

ಅರೆ, ಇದು ನನ್ನ ಬಾಣಲೆಯ ಲೆಕ್ಕ!
ಒಂಬತ್ತು ಸಾವಿರ ಮೀಟರು ಎಳೆ
ಎಷ್ಟು ಗ್ರಾಮು ತೂಗುತ್ತದೋ ಅಷ್ಟು.
ಕುದಿನೀರಿನಿಂದ ಎಂಟು ಗೂಡಿನ ಎಳೆ
ಕೂಡಿಸಿ ಎತ್ತಿದರೆ ಇಪ್ಪತ್ತು.
ನಡುವೆ ಒಂದು ಗೂಡು ಬರಿದಾದರೆ
ಹದಿನೇಳೂವರೆಗೆ ಇಳಿದದ್ದು
ಕಣ್ಣಿಗೆ ಕಾಣದು, ಬೆರಳಿಗೆ ಗೊತ್ತು.
ಶಿಡ್ಲಘಟ್ಟದಲ್ಲಿ ನನ್ನ ಬೆರಳು
ಇಷ್ಟು ವರ್ಷ ಉಂಡದ್ದು ಈ ಅನ್ನವನ್ನೇ.

ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿದೆ.
ಹುಳವನ್ನೇ ಕಾಣದ ನೂಲು,
ಆದರೂ ಸುಳ್ಳು ಹೇಳುತ್ತಿರಲಿಲ್ಲ.

ಶನಿವಾರ ತಲಕಾಯಲಬೆಟ್ಟದ ದಾರಿಯಲ್ಲಿ
ಹಾಸುಬಂಡೆಯ ಮೇಲೆ ಎರಡಕ್ಕೂ ಪರೀಕ್ಷೆ.
ಕೆಂಪಿನದು ಎರಡು ಕಡ್ಡಿ ಬಗ್ಗಿಸಿದ್ದೇ ತಡ
ತನ್ನ ಕಾಲ ಮೇಲೆ ತಾನು ನಿಂತಿತು.
ಎತ್ತಿ ನೆರಳಿಗೆ ಸರಿಸಿದೆವು,
ಸಾಧುವಾಗಿ ಸರಿಯಿತು.
ಬೂದಿಯದಕ್ಕೆ ಒಂಬತ್ತು ಗೂಟ ಬೇಕು,
ನಮ್ಮ ಸೀಮೆಯ ಬಂಡೆ
ಗೂಟದ ಮಾತು ಕೇಳುವ ಜಾತಿಯಲ್ಲ.
ಒಂಬತ್ತು ಕಲ್ಲು ಹುಡುಕಿ ಕಟ್ಟಿದೆವು.
(ಕಲ್ಲಿನ ತೂಕ ಬರೆಯಲು
ಆ ಚೀಟಿಯಲ್ಲಿ ಜಾಗವಿರಲಿಲ್ಲ.)

ಕೆಂಪಿನದೇ ಸರಿ ಅಂದುಕೊಂಡೆವು.
ಮಡಿಸಿ ಕ್ಯಾರಿಯರಿಗೆ ಬಿಗಿದರೆ
ಕಡ್ಡಿ ಒಂದು ಗೇಣು ಹೊರಗೆ ಚಾಚಿ
ದಾರಿಹೋಕರ ಮೊಣಕಾಲು ಕಾಯುತ್ತಿತ್ತು.

ರಾತ್ರಿ ಬೂದಿಯದರಲ್ಲೇ ಮಲಗಿದೆವು,
ಬಿಚ್ಚಲು ಇಬ್ಬರಿಗೂ ಸೋಮಾರಿತನ.
ಗಾಳಿ ಬಂತು. ಕಲ್ಲುಗಳು ಹಿಡಿದವು.
ನಿದ್ದೆಯಲ್ಲೂ ಮುನಿವೀರಪ್ಪ
ಯಾರದೋ ಬಾಗಿಲಲ್ಲಿ ನಿಂತು 'ಪೋಸ್ಟ್' ಅಂದ.

ಬೆಳಗಿನ ಜಾವ ಒಳಮೈಯೆಲ್ಲ ಬೆವರಿತ್ತು.
ನಮ್ಮ ಉಸಿರೇ ಹನಿಯಾಗಿ
ನಮ್ಮ ಹಣೆಗೆ ಬಿತ್ತು.
ಶೆಡ್ಡಿನ ಹಬೆ ಇಲ್ಲಿಗೂ ಬಂತಲ್ಲ ಅಂತ
ಒಂದು ಕ್ಷಣ ಎದೆ ಹಿಡಿಯಿತು.
ಒಳಗಿರುವಾಗಲೇ ಕುದಿಸುವುದು ನಮ್ಮ ಕಸುಬು.
ತಾನಾಗಿ ಕೊರೆದು ಚಿಟ್ಟೆ ಹೊರಬಂದರೆ
ಅದು ತೂತುಗೂಡು,
ಎಳೆ ತುಂಡಾಗಿ ಹೋಗಿರುತ್ತದೆ,
ಮಾರುಕಟ್ಟೆಯಲ್ಲಿ ಮೂಸುವವರಿಲ್ಲ.

ಜಿಪ್ಪು ಎಳೆದೆ.
ತಲೆ, ಭುಜ, ಆಮೇಲೆ ನೋಯುವ ಮಂಡಿ,
ಒಂದೊಂದಾಗಿ ಬಂಡೆಯ ತಣ್ಣನೆಗೆ ಬಂದವು.
ಹಿಂದೆ ತಿರುಗಿ ನೋಡಿದೆ.
ಬಾಯಿ ಬಿಟ್ಟುಕೊಂಡ ಬೂದಿ ಗೂಡು,
ಎಳೆ ಒಂದೂ ಕಡಿದಿರಲಿಲ್ಲ.

ಇದೇ ಇರಲಿ ಅಂದೆ.
ಶಮೀಮ್‌ಗೆ ಹೇಳಲು ಒಂದು ಕಾರಣ ಬೇಕು,
ಹದಿನೆಂಟು ಕಿಲೋಮೀಟರು ದಾರಿಯಿದೆ, ಹೊಳೆಯಬಹುದು.
ಕೆಂಪು ಗುಡಾರ ಅಂಗಡಿಗೆ ಮರಳಲಿ,
ಪಾಪ, ಅದರ ತಪ್ಪೇನೂ ಇಲ್ಲ.

ಒಳಗಿನಿಂದ ಮುನಿವೀರಪ್ಪ ಕೇಳಿದ,
'ಚೊಂಬು ಎಲ್ಲಯ್ಯಾ?'
ಹತ್ತನೆಯ ಕಲ್ಲಿನ ಹಾಗೆ
ಅದು ಒಂದು ಹಗ್ಗದ ತುದಿಯನ್ನು
ರಾತ್ರಿಯಿಡೀ ಒತ್ತಿ ಕೂತಿತ್ತು.